ಇಂಗ್ಲಿಷ್ ಕಲಿಸೋಕೆ ಯಾವ ಡಿಜಿಟಲ್ ಸಾಧನ? ಆರಿಸುವ ಮುಂಚೆ ಒಂದು ನಿಮಿಷ ನೋಡಿ

"ಇಂಗ್ಲಿಷ್ ಕಲಿಸೋಕೆ ಯಾವ ಆ್ಯಪ್ ಚೆನ್ನಾಗಿದೆ?" ಪಾಠ ಮಾಡುವ ಗೆಳೆಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಹೆಸರು ಹೇಳುವ ಮುಂಚೆ ನಾನೇ ಒಂದು ಮಾತು ಕೇಳುತ್ತೇನೆ. ನಿಮ್ಮ ವಿದ್ಯಾರ್ಥಿಗಳು ಸಿಕ್ಕಿಹಾಕಿಕೊಳ್ಳುವುದು ಎಲ್ಲಿ? ಪದವೇ ಗೊತ್ತಿಲ್ಲವಾ? ಗೊತ್ತಿದ್ದೂ ಬಾಯಿಗೆ ಬರುತ್ತಿಲ್ಲವಾ? ಬೇರೆಯವರು ಆಡಿದ್ದು ಕಿವಿಗೆ ಬಿದ್ದರೂ ಅರ್ಥ ಆಗುತ್ತಿಲ್ಲವಾ? ಇವು ಮೂರೂ ಬೇರೆ ಬೇರೆ ಕಾಯಿಲೆ. ಎಲ್ಲಕ್ಕೂ ಒಂದೇ ಮಾತ್ರೆ ನಡೆಯುವುದಿಲ್ಲ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ರಸಪ್ರಶ್ನೆ ಆಟ ಹಾಕಿದಾಗಲೆಲ್ಲ ಮೊದಲ ಮೂರರಲ್ಲಿ ಅವಳ ಹೆಸರು. 'ಯೆಸ್ಟರ್‌ಡೇ ಐ ಡ್ಯಾಶ್ ಟು ದ ಲೈಬ್ರರಿ' ಅಂತ ಪರದೆ ಮೇಲೆ ಬಂದರೆ, ಕಣ್ಣು ಮಿಟುಕಿಸುವಷ್ಟರಲ್ಲಿ 'ವೆಂಟ್' ಒತ್ತುತ್ತಿದ್ದಳು. ಒಂದು ದಿನ ಕ್ಲಾಸ್ ಮುಗಿದ ಮೇಲೆ, ನಿನ್ನೆ ಏನು ಮಾಡಿದೆ ಅಂತ ಇಂಗ್ಲಿಷಿನಲ್ಲೇ ಸುಮ್ನೆ ಕೇಳಿದೆ. 'ಯೆಸ್ಟರ್‌ಡೇ ಐ ಗೋ...' ಅಂದಳು, ನಿಂತುಬಿಟ್ಟಳು. ತಪ್ಪಾಯಿತು ಅಂತ ಅವಳಿಗೇ ಗೊತ್ತಾಯಿತು. ಸರಿಯಾದ ಪದ ಮಾತ್ರ ಬರಲಿಲ್ಲ. ಅಷ್ಟು ವಾರಗಳಿಂದ ಅವಳು ಮಾಡಿದ್ದು ಕಣ್ಣೆದುರಿನ ಪದವನ್ನು ಗುರುತಿಸುವ ಕೆಲಸ. ಪದವನ್ನು ತಾನೇ ನೆನಪಿನಿಂದ ಎತ್ತಿ ತರುವ ಕೆಲಸವನ್ನು ನಾನು ಕೊಟ್ಟೇ ಇರಲಿಲ್ಲ.

ಆಮೇಲಿಂದ ಯಾವ ಸಾಧನ ಬಂದರೂ ನನ್ನದು ಒಂದೇ ಅಳತೆ. ವಿದ್ಯಾರ್ಥಿಯ ಪಕ್ಕ ಒಂದು ನಿಮಿಷ ಕೂತು ನೋಡುತ್ತೇನೆ. ಆ ನಿಮಿಷದಲ್ಲಿ ಅವನು ಎಷ್ಟು ಇಂಗ್ಲಿಷ್ ಓದಿದ, ಕೇಳಿದ, ಬರೆದ, ಆಡಿದ? ಎಷ್ಟು ಹೊತ್ತು ಬಣ್ಣ, ಸಂಗೀತ, ಅಂಕಪಟ್ಟಿ ನೋಡುತ್ತಾ ಕೂತ? ಕೆಳಗಿನ ಹೋಲಿಕೆಯೆಲ್ಲ ಈ ಅಳತೆಯಲ್ಲೇ ಇದೆ.

ರಸಪ್ರಶ್ನೆ ಆಟಗಳು: ಕಹೂಟ್, ವೇಗ್ರೌಂಡ್, ಬ್ಲೂಕೆಟ್, ಪ್ಲಿಕರ್ಸ್

ಎಲ್ಲರೂ ಮೊದಲು ಹಿಡಿಯುವುದು ಇವನ್ನೇ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕಹೂಟ್ ನಾರ್ವೆಯದು, 2013ರಲ್ಲಿ ಬಂತು. ನಾಲ್ಕು ಆಯ್ಕೆಗೆ ನಾಲ್ಕು ಗುರುತು: ಕೆಂಪು ತ್ರಿಕೋನ, ನೀಲಿ ವಜ್ರ, ಹಳದಿ ವೃತ್ತ, ಹಸಿರು ಚೌಕ. ಇಡೀ ಕ್ಲಾಸು ಒಂದೇ ಪ್ರಶ್ನೆಗೆ ಒಂದೇ ಹೊತ್ತಿಗೆ ಉತ್ತರ ಒತ್ತುತ್ತದೆ. ಆ ಗದ್ದಲ, ಆ ಹುರುಪು ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಆದರೆ ಇಲ್ಲಿ ವೇಗಕ್ಕೆ ಬೆಲೆ ಇದೆ. ಸರಿ ಉತ್ತರವನ್ನು ತಕ್ಷಣ ಒತ್ತಿದರೆ 1000 ಅಂಕ, ಕೊನೆ ಗಳಿಗೆಯಲ್ಲಿ ಒತ್ತಿದರೆ ಹೆಚ್ಚುಕಡಿಮೆ ಅದರ ಅರ್ಧ. ಗಣಿತದಲ್ಲೋ ವಿಜ್ಞಾನದಲ್ಲೋ ಇದು ನಡೆದೀತು. ಭಾಷೆ ಕಲಿಯುವವನು ಮೊದಲು ಪ್ರಶ್ನೆಯನ್ನೇ ಓದಿ ಬಿಡಿಸಿಕೊಳ್ಳಬೇಕಲ್ವಾ? ನಿಧಾನವಾಗಿ ಓದುವವನಿಗೆ ವ್ಯಾಕರಣ ಗೊತ್ತಿದ್ದರೂ ಅಂಕ ಕಡಿಮೆ. ನಾಲ್ಕು ಆಟ ಆದ ಮೇಲೆ ಅವನು ಓದುವುದನ್ನೇ ಬಿಟ್ಟು ಊಹೆಯ ಮೇಲೆ ಒತ್ತಲು ಶುರು ಮಾಡುತ್ತಾನೆ.

ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಕ್ಲಾಸುಗಳನ್ನು ಗಮನಿಸಿ ಒಂದು ವಿಷಯ ತೋರಿಸಿದರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಕಾಯುವುದು ಸುಮಾರು ಒಂದೇ ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೂ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ಕಹೂಟ್ ಹಾಕುವಾಗ ಈ ಮಾತು ನೆನಪಿರಲಿ. ಅದರಲ್ಲಿ ಪ್ರಶ್ನೆಗೆ 5 ಸೆಕೆಂಡಿನಿಂದ 4 ನಿಮಿಷದವರೆಗೆ ಸಮಯ ಇಡಬಹುದು. ವ್ಯಾಕರಣದ ಪ್ರಶ್ನೆಗೆ ನಾನು 60 ಸೆಕೆಂಡಿಗಿಂತ ಕಡಿಮೆ ಇಡುವುದಿಲ್ಲ. ಹೊಸ ಪಾಠ ಇದ್ದರೆ ಅಂಕವನ್ನೇ ತೆಗೆದುಬಿಡುತ್ತೇನೆ. ತಂಡ ಮಾಡಿ ಆಡಿಸಿದರೆ ಇನ್ನೂ ಒಳ್ಳೆಯದು, ಒತ್ತುವ ಮುಂಚೆ ಪಕ್ಕದವನ ಜೊತೆ ಮಾತಾಡಲೇಬೇಕಾಗುತ್ತದೆ.

ಕ್ವಿಜೀಜ್ ಅಂತ ಇದ್ದದ್ದು 2025ರಲ್ಲಿ ವೇಗ್ರೌಂಡ್ ಅಂತ ಹೆಸರು ಬದಲಿಸಿಕೊಂಡಿದೆ. ಇಲ್ಲಿ ಪ್ರಶ್ನೆ ಪ್ರತಿಯೊಬ್ಬರ ಪರದೆ ಮೇಲೂ ಬೇರೆಯಾಗಿ ಬರುತ್ತದೆ. ತನ್ನ ವೇಗಕ್ಕೆ ತಾನು ಹೋಗಬಹುದು, ಸಮಯದ ಮಿತಿಯನ್ನು ತೆಗೆಯಬಹುದು, ಮನೆಗೆಲಸವಾಗಿಯೂ ಕೊಡಬಹುದು. ಬೇರೆ ಬೇರೆ ಮಟ್ಟದವರು ಒಂದೇ ಕ್ಲಾಸಿನಲ್ಲಿದ್ದರೆ ಕಹೂಟ್‌ಗಿಂತ ಇದೇ ವಾಸಿ. ಹುರುಪು ಕಡಿಮೆ, ಓದು ಜಾಸ್ತಿ.

ಬ್ಲೂಕೆಟ್ ಮಕ್ಕಳಿಗೆ ಪ್ರಾಣ. ಅದರ ಚಿನ್ನದ ಆಟದಲ್ಲಿ ಸರಿ ಉತ್ತರ ಕೊಟ್ಟ ಮೇಲೆ ಮೂರು ಪೆಟ್ಟಿಗೆಯಲ್ಲಿ ಒಂದನ್ನು ತೆರೆಯಬೇಕು. ಚಿನ್ನ ಸಿಗಬಹುದು, ಬೇರೆಯವರ ಚಿನ್ನ ಕದಿಯಲೂಬಹುದು. ಗೆಲುವು ಅದೃಷ್ಟದ ಮೇಲೆ ಇರುವುದರಿಂದ, ಇಂಗ್ಲಿಷಿನಲ್ಲಿ ಹಿಂದಿರುವ ಮಗುವಿಗೂ ಒಂದು ದಿನ ಗೆಲ್ಲುವ ಸುಖ ಸಿಗುತ್ತದೆ. ಅದು ಸಣ್ಣ ವಿಷಯ ಅಲ್ಲ. ಆದರೆ ಪಕ್ಕ ಕೂತು ನೋಡಿದರೆ, ಆ ಒಂದು ನಿಮಿಷದ ದೊಡ್ಡ ಪಾಲು ಪೆಟ್ಟಿಗೆ ತೆರೆಯುವುದರಲ್ಲೇ ಹೋಗಿರುತ್ತದೆ. ತಿಂಗಳಿಗೊಮ್ಮೆ ಸಾಕು.

ಮಕ್ಕಳ ಕೈಯಲ್ಲಿ ಮೊಬೈಲೇ ಇಲ್ಲ ಅಂದರೆ? ಪ್ಲಿಕರ್ಸ್ ನೋಡಿ. ಪ್ರತಿ ಮಗುವಿಗೂ ಒಂದು ಮುದ್ರಿತ ಕಾಗದದ ಕಾರ್ಡ್. ಕಾರ್ಡಿನ ನಾಲ್ಕು ಅಂಚಿಗೆ ಎ, ಬಿ, ಸಿ, ಡಿ ಅಂತ ಗುರುತು. ತನ್ನ ಉತ್ತರದ ಅಂಚು ಮೇಲೆ ಬರುವಂತೆ ಹಿಡಿದರೆ ಆಯಿತು. ಟೀಚರ್ ತಮ್ಮ ಮೊಬೈಲ್ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ಒಮ್ಮೆ ಆಡಿಸಿದರೆ ಎಲ್ಲರ ಉತ್ತರ ದಾಖಲಾಗುತ್ತದೆ. ಒಬ್ಬೊಬ್ಬರ ಕಾರ್ಡಿನ ಚಿತ್ರವೂ ಬೇರೆ, ಅಕ್ಷರಗಳೂ ತೀರಾ ಸಣ್ಣವು. ಪಕ್ಕದವನದನ್ನು ನೋಡಿ ನಕಲು ಮಾಡುವುದು ಕಷ್ಟ. ಒಂದೇ ಮೊಬೈಲ್ ಇರುವ ಕ್ಲಾಸಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಇವುಗಳಲ್ಲಿ ಯಾವುದನ್ನು ಆರಿಸಿದರೂ, ಕೆಲಸ ಮಾಡುವುದು ನೀವು ಬರೆಯುವ ಪ್ರಶ್ನೆ. ಒಂದು ಉದಾಹರಣೆ ನೋಡಿ. 'ಶಿ ಡ್ಯಾಶ್ ಸಿಂಗ್'. 'ಅವಳು ಹಾಡುವುದಿಲ್ಲ' ಅನ್ನುವ ಅರ್ಥ ಬರಬೇಕು. ಆಯ್ಕೆಗಳು: 'ಡಸಂಟ್', 'ಡೋಂಟ್', 'ಈಸ್ ನಾಟ್', 'ನಾಟ್'. 'ಡೋಂಟ್' ಒತ್ತಿದವನಿಗೆ ದಾರಿ ಗೊತ್ತಿದೆ, ಹೀ-ಶಿ ಬಂದಾಗ ಆಗುವ ಬದಲಾವಣೆ ಮಾತ್ರ ಮರೆತಿದೆ. 'ಈಸ್ ನಾಟ್' ಒತ್ತಿದವನು ಎಲ್ಲ ವಾಕ್ಯಕ್ಕೂ 'ಈಸ್' ಅಂಟಿಸುತ್ತಿದ್ದಾನೆ. 'ನಾಟ್' ಒತ್ತಿದವನು ತನ್ನ ಮನೆಮಾತಿನಿಂದ ಪದಕ್ಕೆ ಪದ ಇಟ್ಟು ಕಟ್ಟುತ್ತಿದ್ದಾನೆ. ಒಂದೇ ಪ್ರಶ್ನೆಯಲ್ಲಿ ಮೂರು ಬಗೆಯ ತಪ್ಪು ಕೈಗೆ ಸಿಕ್ಕಿತು. ಆಟ ಮುಗಿದ ಮೇಲೆ ಬರುವ ವರದಿಯಲ್ಲಿ ಯಾರು ಗೆದ್ದರು ಅನ್ನುವುದಕ್ಕಿಂತ, ಯಾವ ತಪ್ಪು ಉತ್ತರವನ್ನು ಎಷ್ಟು ಜನ ಒತ್ತಿದರು ಅಂತ ನೋಡಿ. ನಾಳೆಯ ಪಾಠ ಅಲ್ಲೇ ಇರುತ್ತದೆ.

ಪದ ಕಲಿಯಲು: ಆಂಕಿಯೋ, ಕ್ವಿಜ್ಲೆಟ್ಟೋ?

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ನೆನಪನ್ನು ತಾನೇ ಪರೀಕ್ಷೆ ಮಾಡಿಕೊಂಡು, ಕಲಿತದ್ದು ಮೊದಲ ಗಂಟೆಗಳಲ್ಲೇ ಹೇಗೆ ಸೋರಿಹೋಗುತ್ತದೆ ಅಂತ ತೋರಿಸಿದ್ದ. ಸೋರದಂತೆ ತಡೆಯಲು ಒಂದು ಒಳ್ಳೆಯ ದಾರಿ, ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ನೆನಪು ಮಾಡಿಕೊಳ್ಳುವುದು. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಪ್ರಕಟಿಸಿದ ಪ್ರಯೋಗವೂ ಇದಕ್ಕೆ ಹೊಂದುತ್ತದೆ. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. 5 ನಿಮಿಷದ ನಂತರ ಓದಿದವರು ಮುಂದಿದ್ದರು. ಒಂದು ವಾರದ ನಂತರ, ನೆನಪಿನಿಂದ ಬರೆದವರು.

ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಇರುವ ಕಾರ್ಡುಗಳ ಆ್ಯಪ್ ಆಂಕಿ ಈ ತತ್ವದ ಮೇಲೇ ನಿಂತಿದೆ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಮಾಡಿದ್ದು. ಕಾರ್ಡು ನೋಡಿ, ಉತ್ತರ ನೆನಪಿಸಿಕೊಂಡು, ಎಷ್ಟು ಕಷ್ಟವಾಯಿತು ಅಂತ ನೀವೇ ಒತ್ತಬೇಕು. ಸುಲಭವಾಗಿ ಬಂದ ಪದ ದಿನಗಳೋ ವಾರಗಳೋ ಆದ ಮೇಲೆ ಬರುತ್ತದೆ, ಬಾರದ ಪದ ಇವತ್ತೇ ಮತ್ತೆ ಬರುತ್ತದೆ. ಕಂಪ್ಯೂಟರಿಗೂ ಆಂಡ್ರಾಯ್ಡ್ ಮೊಬೈಲಿಗೂ ಉಚಿತ, ಐಫೋನಿಗೆ ಹಣ ಕೊಡಬೇಕು. ನೋಡಲು ಚೆಂದ ಇಲ್ಲ, ಮೊದಲ ದಿನ ಗೊಂದಲ ಆಗುತ್ತದೆ. ಹಟ ಇರುವ ದೊಡ್ಡ ವಿದ್ಯಾರ್ಥಿಗೆ, ತಾನೇ ಕೂತು ಓದುವವನಿಗೆ ಇದನ್ನೇ ಹೇಳುತ್ತೇನೆ. ಒಂದು ಎಚ್ಚರಿಕೆ: ಅದು ದಿನಕ್ಕೆ 20 ಹೊಸ ಕಾರ್ಡ್ ಅಂತ ತಾನೇ ಇಟ್ಟುಕೊಂಡಿರುತ್ತದೆ. ಎರಡು ವಾರದಲ್ಲಿ ಹಳೆಯದರ ರಾಶಿ ಬೆಳೆದು, ನೋಡಿದರೇ ಸುಸ್ತಾಗುತ್ತದೆ. ಬಹಳ ಜನ ಬಿಡುವುದು ಅಲ್ಲೇ. ದಿನಕ್ಕೆ 5 ಅಂತ ಇಳಿಸಿ ಶುರು ಮಾಡಿ.

ಕ್ವಿಜ್ಲೆಟ್ ಕೂಡ ಇಂಥದೇ ಕಾರ್ಡಿನ ಆ್ಯಪ್, ಹಂಚಿಕೊಳ್ಳಲು ಸುಲಭ. ಲಿಂಕ್ ಕಳಿಸಿದರೆ ಇಡೀ ಕ್ಲಾಸಿಗೆ ಕಾರ್ಡು ತಲುಪಿತು. ಮೊದಲು ಉಚಿತವಾಗಿದ್ದ ಕೆಲವು ಅಭ್ಯಾಸಗಳಿಗೆ ಈಗ ಮಿತಿ ಬಂದಿದೆ. ನಾನು ಅದನ್ನು ಇನ್ನೂ ಇಟ್ಟುಕೊಂಡಿರುವುದು ಅದರ ಲೈವ್ ಆಟಕ್ಕಾಗಿ. ತಂಡದ ಪ್ರತಿಯೊಬ್ಬರ ಪರದೆಯಲ್ಲೂ ಬೇರೆ ಬೇರೆ ಆಯ್ಕೆ, ಸರಿ ಉತ್ತರ ಒಬ್ಬರ ಹತ್ತಿರ ಮಾತ್ರ. ಮಾತಾಡದೆ ಆಟ ಮುಂದೆ ಹೋಗುವುದೇ ಇಲ್ಲ. ಬಿಟ್ಟರೆ ಎಲ್ಲರೂ ತಮ್ಮ ಮನೆಮಾತಿನಲ್ಲೇ ಮಾತಾಡುತ್ತಾರೆ. ಅದಕ್ಕೆ ಆಟದ ಮುಂಚೆ ಬೋರ್ಡಿನ ಮೇಲೆ ಮೂರು ವಾಕ್ಯ ಬರೆಯುತ್ತೇನೆ: 'ಐ ಹ್ಯಾವ್ ಇಟ್', 'ಇಟ್ಸ್ ನಾಟ್ ಮೈನ್', 'ಕ್ಯಾನ್ ಯು ಚೆಕ್ ಯುವರ್ಸ್?' ಆಟದ ಹೊತ್ತಲ್ಲಿ ಇವಿಷ್ಟನ್ನೇ ಬಳಸಬೇಕು. ಹತ್ತು ನಿಮಿಷದಲ್ಲಿ ಈ ವಾಕ್ಯಗಳು ಎಷ್ಟು ಸಲ ಬಾಯಿಂದ ಬರುತ್ತವೆ ಅಂದರೆ, ಮರುದಿನ ಪೆನ್ಸಿಲ್ ಹುಡುಕುವಾಗಲೂ 'ಇಟ್ಸ್ ನಾಟ್ ಮೈನ್' ಅನ್ನುತ್ತಾರೆ.

ಕಾರ್ಡು ಬರೆಯುವ ರೀತಿಯಲ್ಲೂ ವ್ಯತ್ಯಾಸ ಇದೆ. ಒಂದು ಕಡೆ ಇಂಗ್ಲಿಷಿನ 'ಬಾರೋ', ಇನ್ನೊಂದು ಕಡೆ 'ಸಾಲ ತಗೊಳ್ಳುವುದು' ಅಂತ ಬರೆದರೆ ಅದು ಬರೀ ಉರು ಹೊಡೆಯಲು ಆಯಿತು. ಸಾಲ ಕೊಡುವ 'ಲೆಂಡ್' ಜೊತೆ ಕಲಸಿಹೋಗಿ 'ಕ್ಯಾನ್ ಯು ಬಾರೋ ಮಿ ಯುವರ್ ಪೆನ್' ಅಂತಲೇ ಹೊರಗೆ ಬರುತ್ತದೆ. ಅದರ ಬದಲು ಮುಂದಿನ ಬದಿಗೆ 'ನಿನ್ನ ಪೆನ್ ಒಂಚೂರು ಕೊಡ್ತೀಯಾ? ಕ್ಯಾನ್ ಐ... ಅಂತ ಶುರು ಮಾಡು' ಅಂತ ಬರೆಯಿರಿ. ಹಿಂದಿನ ಬದಿಗೆ ಪೂರ್ತಿ ವಾಕ್ಯ. ಬಾಯಿಬಿಟ್ಟು ಹೇಳಿದ ಮೇಲೇ ಕಾರ್ಡು ತಿರುಗಿಸಬೇಕು.

ಸಮಯ ಇಲ್ಲದ ದಿನಕ್ಕೆ ವರ್ಡ್‌ವಾಲ್ ಇದೆ. ಪದಪಟ್ಟಿ ಒಮ್ಮೆ ಕೊಟ್ಟರೆ ಜೋಡಿಸುವ ಆಟ, ತಿರುಗುವ ಚಕ್ರ, ಅಕ್ಷರ ಕೂಡಿಸುವ ಆಟ ಅಂತ ಅದೇ ಪಟ್ಟಿಯನ್ನು ಹಲವು ರೂಪಕ್ಕೆ ಬದಲಿಸುತ್ತದೆ. ಹೊಸ ಪದದ ಮೊದಲ ಪರಿಚಯಕ್ಕೆ ಸರಿ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಕೇಳಲು

ಇಲ್ಲಿ ಆಯ್ಕೆ ಸುಲಭ. ಇಡೀ ವಿಡಿಯೊ ಅರ್ಥ ಆಗಬೇಕಾದರೆ ಎಡ್‌ಪಜಲ್. ನಡುನಡುವೆ ಪ್ರಶ್ನೆ ಸೇರಿಸಬಹುದು, ಓಡಿಸಿಕೊಂಡು ಹೋಗದಂತೆ ತಡೆಯಲೂಬಹುದು. ಒಂದೇ ಪದವನ್ನು ನಿಜವಾದ ಜನ ಹೇಗೆ ಆಡುತ್ತಾರೆ ಅಂತ ಕೇಳಬೇಕಾದರೆ ಯೂಗ್ಲಿಶ್. ಪದ ಹಾಕಿದರೆ ಯೂಟ್ಯೂಬ್ ವಿಡಿಯೊಗಳಲ್ಲಿ ಆ ಪದ ಬರುವ ಜಾಗವನ್ನೇ ತೆಗೆದು ಕೇಳಿಸುತ್ತದೆ. ಬ್ರಿಟಿಷ್, ಅಮೆರಿಕನ್, ಆಸ್ಟ್ರೇಲಿಯನ್ ಅಂತ ಆರಿಸಿಕೊಳ್ಳಬಹುದು. ನಿಘಂಟಿನ ಒಂಟಿ ಉಚ್ಚಾರಕ್ಕಿಂತ ಇದು ಮೇಲು, ಏಕೆಂದರೆ ವಾಕ್ಯದೊಳಗೆ ಪದ ಹೇಗೆ ಸವೆಯುತ್ತದೆ ಅಂತ ಕಿವಿಗೆ ಗೊತ್ತಾಗುತ್ತದೆ. ಮೊದಲ ಸಲ ಕೇಳುವಾಗ ಪರದೆಯ ಮೇಲಿನ ಅಕ್ಷರಗಳನ್ನು ಮುಚ್ಚಿಸಿ. ಅಕ್ಷರ ಕಂಡರೆ ಕಣ್ಣು ಓದುತ್ತದೆ, ಕಿವಿ ಕೆಲಸ ಬಿಡುತ್ತದೆ.

ಮಾತಾಡಲು: ಧ್ವನಿಮುದ್ರಣ, ಧ್ವನಿ ಗುರುತಿಸುವ ಯಂತ್ರ, ಎಐ

ನನ್ನ ಮನಸ್ಸಿಗೆ ಹತ್ತಿರದ ವಿಷಯ ಇದು. ಇಂಗ್ಲಿಷ್ ಕಲಿಯಲು ಬರುವ ಬಹಳ ಜನರ ನಿಜವಾದ ಆಸೆ ಮಾತಾಡುವುದು. ನಾವೋ ಒತ್ತುವ ಆಟಗಳಲ್ಲೇ ಅವರ ಸಮಯ ಕಳೆಯುತ್ತೇವೆ.

ಧ್ವನಿಮುದ್ರಣಕ್ಕೆ ಹೊಸ ಆ್ಯಪ್ ಏನೂ ಬೇಡ. ಮೆಸೇಜ್ ಕಳಿಸುವ ಆ್ಯಪಿನ ವಾಯ್ಸ್ ಮೆಸೇಜ್ ಸಾಕು. ಮೊದಲು ಹೇಳಿದ ಹುಡುಗಿಗೆ ನಾನು ಕೊಟ್ಟ ಕೆಲಸ ಇಷ್ಟೇ: ದಿನಾ ರಾತ್ರಿ ಒಂದು ನಿಮಿಷ, ಇವತ್ತು ಏನೇನು ಆಯಿತು ಅಂತ ಹೇಳಿ ಕಳಿಸು. ಬರೆದುಕೊಂಡು ಓದಬಾರದು. ಮೊದಲ ದಿನ ಬಂದದ್ದು 18 ಸೆಕೆಂಡ್. ಆಮೇಲೆ ಅವಳೇ ಹೇಳಿದಳು, ಕಳಿಸುವ ಮುಂಚೆ ಏಳು ಸಲ ಅಳಿಸಿ ಮತ್ತೆ ಹೇಳಿದ್ದೆ ಅಂತ. ಆ ಏಳು ಸಲವೇ ಪಾಠ. ಕ್ಲಾಸಿನಲ್ಲಿ ಎಲ್ಲರ ಎದುರು ಅವಳಿಗೆ ಏಳು ಅವಕಾಶ ಯಾರು ಕೊಡುತ್ತಿದ್ದರು? ಮೂರನೇ ವಾರದಲ್ಲಿ ಒಂದು ಮೆಸೇಜಿನಲ್ಲಿ 'ಐ ಗೋ... ಐ ವೆಂಟ್' ಅಂತ ತಾನೇ ತಿದ್ದಿಕೊಂಡಳು. ಅದನ್ನು ಎರಡು ಸಲ ಕೇಳಿದೆ, ಅಷ್ಟು ಖುಷಿಯಾಯಿತು. ಇದರ ಕಷ್ಟ ಇರುವುದು ಟೀಚರ್ ಕಡೆ. 30 ಜನರ ಒಂದೊಂದು ನಿಮಿಷ ಅಂದರೆ ಅರ್ಧ ಗಂಟೆ. ದಿನಕ್ಕೆ ಐದಾರು ಜನರದ್ದು ಕೇಳಿ, ಒಬ್ಬರಿಗೆ ಒಂದೇ ತಿದ್ದುಪಡಿ ಹೇಳಿ. ಅಷ್ಟು ಸಾಕು.

ಧ್ವನಿ ಗುರುತಿಸುವ ಯಂತ್ರ ಉಚ್ಚಾರ ತಿದ್ದುತ್ತದೆ ಅಂತ ಪೂರ್ತಿ ನಂಬಬೇಡಿ. ಅದು ವಾಕ್ಯದ ಸಂದರ್ಭ ನೋಡಿ ಪದವನ್ನು ಊಹಿಸುತ್ತದೆ. ಹುಲ್ಲು ಮೇಯುವ ಕುರಿಯ ವಾಕ್ಯದಲ್ಲಿ 'ಶೀಪ್' ಬದಲು 'ಶಿಪ್' ಅಂದರೂ ಅದು ಕುರಿ ಅಂತಲೇ ಬರೆದೀತು. ಅದಕ್ಕೆ ಒಂಟಿ ಪದಗಳಲ್ಲಿ ಪರೀಕ್ಷೆ ಮಾಡಿ. ವಾಯ್ಸ್ ಟೈಪಿಂಗ್ ತೆರೆದು 'ಶಿಪ್', 'ಶೀಪ್', 'ಲಿವ್', 'ಲೀವ್' ಅಂತ ಬಿಡಿಬಿಡಿಯಾಗಿ ಹೇಳಿಸಿ, ಏನು ಬರೆಯಿತು ನೋಡಿ. ಕನ್ನಡದ ಬಾಯಿಗೆ ಹ್ರಸ್ವ ದೀರ್ಘ ಕಷ್ಟವೇ ಅಲ್ಲ, ಬೇಗ ಹಿಡಿಯುತ್ತಾರೆ. ಕಷ್ಟ ಬರುವುದು ಬೇರೆ ಕಡೆ: ಕೆಳತುಟಿಗೆ ಹಲ್ಲು ತಾಗಿಸಿ ಆಡುವ 'ವೈನ್' ಅಂದರೆ ಬಳ್ಳಿ, ತುಟಿ ದುಂಡು ಮಾಡಿ ಆಡುವ 'ವೈನ್' ಅಂದರೆ ದ್ರಾಕ್ಷಿಯ ಮದ್ಯ. ನಮ್ಮ ಲಿಪಿಯಲ್ಲಿ ಎರಡೂ ಒಂದೇ. ಅಲ್ಲಿ ಯಂತ್ರಕ್ಕಿಂತ ಕನ್ನಡಿ ಮುಂದೆ ನಿಲ್ಲಿಸುವುದೇ ಒಳ್ಳೆಯದು.

ಇನ್ನೊಂದು ಮಾತು. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಐದು ದೊಡ್ಡ ಕಂಪನಿಗಳ ಇಂಥ ಯಂತ್ರಗಳನ್ನು ಪರೀಕ್ಷಿಸಿತು. ಬಿಳಿಯರ ಮಾತಿಗಿಂತ ಕಪ್ಪು ಜನರ ಮಾತಿನಲ್ಲಿ ಅವು ಮಾಡಿದ ತಪ್ಪು ಸರಾಸರಿ ಹೆಚ್ಚುಕಡಿಮೆ ಎರಡು ಪಟ್ಟು. ಇಬ್ಬರದೂ ಹುಟ್ಟಿನಿಂದ ಬಂದ ಇಂಗ್ಲಿಷ್! ಹಾಗಾಗಿ ಯಂತ್ರ 'ತಪ್ಪು' ಅಂತ ಕೆಂಪು ತೋರಿಸಿದ ಮಾತ್ರಕ್ಕೆ ನಿಮ್ಮ ವಿದ್ಯಾರ್ಥಿಯ ಮಾತು ಕೆಟ್ಟದ್ದು ಅಂತ ಆಗುವುದಿಲ್ಲ. ಇದನ್ನು ಅವನಿಗೆ ಬಾಯಿಬಿಟ್ಟು ಹೇಳಿ.

ಎಐ ಜೊತೆ ಮಾತುಕತೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರ ಕೈಗೂ ಸಿಕ್ಕಿತು. ಅದಕ್ಕೆ ಬೇಸರ ಇಲ್ಲ, ನಗುವುದಿಲ್ಲ, ಮಧ್ಯರಾತ್ರಿಯಲ್ಲೂ ಸಿಗುತ್ತದೆ. ನಾಚಿಕೆಯ ದೊಡ್ಡವರಿಗೆ ಇದು ನಿಜವಾಗಿ ವರ. ತೊಂದರೆ ಏನೆಂದರೆ, ಸುಮ್ನೆ ಬಿಟ್ಟರೆ ಮಾತೆಲ್ಲ ಅದೇ ಆಡುತ್ತದೆ. ವಿದ್ಯಾರ್ಥಿ ಒಂದು ಸಾಲು, ಅದು ಹತ್ತು ಸಾಲು. ಮೊದಲೇ ಕಟ್ಟು ಹಾಕಬೇಕು: 'ನೀನು ಎರಡು ಸಾಲಿಗಿಂತ ಜಾಸ್ತಿ ಬರೆಯಬೇಡ. ಸುಲಭ ಪದ ಬಳಸು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು. ನಡುವೆ ತಿದ್ದಬೇಡ, ಹತ್ತು ಪ್ರಶ್ನೆ ಆದ ಮೇಲೆ ನನ್ನ ಮೂರು ಮುಖ್ಯ ತಪ್ಪು ಹೇಳು.' ಈ ನಾಲ್ಕು ಮಾತು ಕನ್ನಡದಲ್ಲೇ ಬರೆದರೂ ಅದು ಕೇಳುತ್ತದೆ. ಚಾಟ್‌ಜಿಪಿಟಿಯ ನಿಯಮದ ಪ್ರಕಾರ 13 ವರ್ಷದ ಒಳಗಿನವರು ಬಳಸುವಂತಿಲ್ಲ, 18ರ ಒಳಗಿನವರಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಚಿಕ್ಕ ಮಕ್ಕಳ ಕ್ಲಾಸಿಗೆ ಇದನ್ನು ಲೆಕ್ಕಕ್ಕೇ ತಗೊಳ್ಳಬೇಡಿ.

ಬರೆಯಲು

ಎಲ್ಲರ ಬರಹ ಒಂದೇ ಗೋಡೆಯ ಮೇಲೆ ಕಾಣಬೇಕಾದರೆ ಪ್ಯಾಡ್ಲೆಟ್. ಒಬ್ಬರ ಬರಹ ತಿದ್ದುತ್ತಾ ಹೇಗೆ ಬೆಳೆಯಿತು ಅಂತ ನೋಡಬೇಕಾದರೆ ಗೂಗಲ್ ಡಾಕ್ಸ್. ಅದರಲ್ಲಿ ಹಳೆಯ ಪ್ರತಿಗಳೆಲ್ಲ ಉಳಿದಿರುತ್ತವೆ, ಇಡೀ ಪ್ಯಾರಾ ಎಲ್ಲಿಂದಲೋ ತಂದು ಅಂಟಿಸಿದ್ದರೂ ಗೊತ್ತಾಗುತ್ತದೆ. ಪ್ಯಾಡ್ಲೆಟ್‌ನಲ್ಲಿ ನೀವು ಒಪ್ಪಿದ ಮೇಲೇ ಬರಹ ಕಾಣುವಂತೆ ಇಡಬಹುದು. ಚಿಕ್ಕವರ ಕ್ಲಾಸಿನಲ್ಲಿ ಅದನ್ನು ಖಂಡಿತ ಹಾಕಿ. ಎರಡರಲ್ಲೂ ಒಂದು ಗುಟ್ಟಿನ ಶತ್ರು ಇದೆ. ಮೊಬೈಲಿನ ಕೀಬೋರ್ಡ್ ಎರಡಕ್ಷರ ಒತ್ತುವಷ್ಟರಲ್ಲಿ ಪೂರ್ತಿ ಪದ ತಂದಿಡುತ್ತದೆ. ಆಗ ಸ್ಪೆಲಿಂಗ್ ಬರೆದದ್ದು ಮೊಬೈಲೇ ಹೊರತು ವಿದ್ಯಾರ್ಥಿಯಲ್ಲ. ಸ್ಪೆಲಿಂಗ್ ಕಲಿಸುವ ದಿನ ಕಾಗದ, ಪೆನ್ಸಿಲ್ ಕೊಡಿ.

ಒಪ್ಪುವ ಮುಂಚೆ

ಸಾಧನಗಳು ಸಾಯುತ್ತವೆ. ಮಕ್ಕಳ ವಿಡಿಯೊ ಮಾತುಗಳಿಗೆ ಲಕ್ಷಾಂತರ ಟೀಚರ್‌ಗಳು ನೆಚ್ಚಿಕೊಂಡಿದ್ದ ಫ್ಲಿಪ್ 2024ರ ಜುಲೈನಲ್ಲಿ ತನ್ನ ಸ್ವಂತ ಜಾಲತಾಣ, ಆ್ಯಪ್ ಮುಚ್ಚಿತು. ಎಲ್ಲರೂ ಸೇರಿ ಬರೆಯುವ ಗೂಗಲ್‌ನ ಡಿಜಿಟಲ್ ಬೋರ್ಡ್ ಜಾಮ್‌ಬೋರ್ಡ್ ಅದೇ ವರ್ಷದ ಕೊನೆಗೆ ನಿಂತಿತು. ಹಾಗಾಗಿ ಪ್ರಶ್ನೆ, ಪದಪಟ್ಟಿ, ವಾಕ್ಯ ಎಲ್ಲವನ್ನೂ ಮೊದಲು ನಿಮ್ಮದೇ ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆಯಿರಿ, ಆಮೇಲೆ ಆ್ಯಪಿಗೆ ಹಾಕಿ. ಮೇಲೆ ಹೇಳಿದ ಹಲವು ಸಾಧನಗಳು ಅಂಥ ಪಟ್ಟಿಯನ್ನು ಹಾಗೇ ತೆಗೆದುಕೊಳ್ಳುತ್ತವೆ.

ಒಟ್ಟಿಗೆ ಆರು ಸಾಧನ ಶುರು ಮಾಡಬೇಡಿ. ಪ್ರತಿ ಹೊಸದಕ್ಕೂ ಲಾಗಿನ್, ಪಾಸ್‌ವರ್ಡ್, ಎಲ್ಲಿ ಒತ್ತಬೇಕು ಅಂತ ಹೇಳಿಕೊಡುವುದರಲ್ಲೇ ಒಂದು ಪಿರಿಯಡ್ ಹೋಗುತ್ತದೆ. ನನ್ನ ಕೈಯಲ್ಲಿ ಈಗ ಇರುವುದು ಮೂರು: ವೇಗ್ರೌಂಡ್, ಕ್ವಿಜ್ಲೆಟ್ ಲೈವ್, ವಾಯ್ಸ್ ಮೆಸೇಜ್. ಮೂರನೆಯದನ್ನು ಯಾರು ಕೇಳಿದರೂ ಬಿಟ್ಟುಕೊಡುವುದಿಲ್ಲ.

ಕೊನೆಗೆ, ಕ್ಲಾಸಿಗೆ ಕೊಡುವ ಮುಂಚೆ ವಿದ್ಯಾರ್ಥಿಯಾಗಿ ನೀವೇ ಒಳಗೆ ಹೋಗಿ ನೋಡಿ. ಟೀಚರ್ ಪರದೆಯಲ್ಲಿ ಎಲ್ಲವೂ ಚೆಂದ ಕಾಣುತ್ತದೆ. ನಿಮ್ಮ ಕ್ಲಾಸಿನ ಅತಿ ಹಳೆಯ ಮೊಬೈಲ್ ಕೇಳಿ ಪಡೆಯಿರಿ, ವೈಫೈ ಆಫ್ ಮಾಡಿ, ಆ ಮೊಬೈಲಿನ ನೆಟ್‌ನಲ್ಲೇ ತೆರೆಯಿರಿ. ಪ್ರಶ್ನೆ ಪೂರ್ತಿ ಕಾಣುತ್ತದಾ, ಅರ್ಧಕ್ಕೆ ಕತ್ತರಿಸಿದೆಯಾ? ಆಡಿಯೊ ಒತ್ತಿದರೆ ಎಷ್ಟು ಹೊತ್ತಿಗೆ ಕೇಳುತ್ತದೆ? ನಡುವೆ ಜಾಹೀರಾತು ಬರುತ್ತದಾ? ಬೇಕಂತಲೇ ಒಂದು ತಪ್ಪು ಉತ್ತರ ಒತ್ತಿ. ಬರೀ ಕೆಂಪು ಗುರುತು ತೋರಿಸಿ ಮುಂದೆ ಹೋಯಿತಾ, ಯಾಕೆ ತಪ್ಪು ಅಂತ ಒಂದು ಮಾತಾದರೂ ಹೇಳಿತಾ? ಹೇಳದಿದ್ದರೆ ಆ ಜಾಗದಲ್ಲಿ ನಿಮ್ಮದೇ ಒಂದು ಸಾಲು ಬರೆಯಲು ದಾರಿ ಇದೆಯಾ ಹುಡುಕಿ. ಇಲ್ಲದಿದ್ದರೆ ಮುಂದಿನ ಸಾಧನ ನೋಡಿ.